ಹದಿನಾರನೇ ಪುಟದ ಚಂದ್ರ

ಆ ಸ್ಟುಡಿಯೋದಲ್ಲಿ ಅವನಿಗೆ ಒರೆಸಪ್ಪ ಅಂತ ಹೆಸರು ಬಿದ್ದು ಎಂಟು ತಿಂಗಳಾಗಿತ್ತು. ಇಟ್ಟವಳು ಎದುರು ಮೇಜಿನಲ್ಲಿ ಬಣ್ಣ ತುಂಬುವ ಹುಡುಗಿ. ಅವನ ಕೆಲಸವೇ ಅದು. ಹಳೆಯ ಕಾಮಿಕ್ಸ್ ಪುಟಗಳ ಸ್ಕ್ಯಾನ್‌ಗಳನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿಕೊಂಡು ಮಡಿಕೆಯ ಗೆರೆ, ಚಹಾದ ಕಲೆ, ಯಾವ ಕಾಲದಲ್ಲೋ ಸತ್ತ ಸೊಳ್ಳೆಯ ರೆಕ್ಕೆ, ಎಲ್ಲವನ್ನೂ ಒರೆಸಿ ಚಿತ್ರವನ್ನಷ್ಟೇ ಉಳಿಸಬೇಕು. ಆಮೇಲೆ ಉಳಿದವರು ಅದಕ್ಕೆ ಬಣ್ಣ ತುಂಬಿ, ಕೈಕಾಲು ಆಡಿಸಿ, ಸಿನಿಮಾ ಮಾಡುತ್ತಾರೆ. ಒರೆಸಿದವನನ್ನು ಯಾರೂ ಮೀಟಿಂಗಿಗೆ ಕರೆಯುವುದಿಲ್ಲ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನನ್ನು ಕರೆದು ಕೇಳುವುದಾದರೂ ಏನು?

ಕಾಮಿಕ್ಸಿನ ಹೆಸರು 'ಇದ್ದಿಲು'. ಕಾರ್ಖಾನೆಯ ಬೆಂಕಿಯಲ್ಲಿ ಸುಟ್ಟು ಕರಕಲಾಗಿ ಎದ್ದುಬಂದ ಒಬ್ಬ ಕೂಲಿಯವನ ಕಥೆ. ಈ ಗೋಡೆಯ ನೆರಳಿನೊಳಗೆ ಹೊಕ್ಕರೆ ಇನ್ನೊಂದು ಗೋಡೆಯ ನೆರಳಿನಿಂದ ಹೊರಬರುತ್ತಾನೆ, ಆಪತ್ತಿನಲ್ಲಿದ್ದವರನ್ನು ಉಳಿಸುತ್ತಾನೆ. ಆದರೆ ಒಬ್ಬರನ್ನು ಉಳಿಸಿದಾಗಲೆಲ್ಲ ಅವನ ಸ್ವಂತದವರಲ್ಲಿ ಒಬ್ಬರ ಮುಖ ಅವನಿಗೆ ಮರೆತುಹೋಗುತ್ತದೆ. ಏಳು ಸಂಚಿಕೆ ಬಂದು ನಿಂತುಹೋಯಿತು. ಏಳನೆಯದರ ಕೊನೆಯ ಪುಟದಲ್ಲಿ, ಅಂದರೆ ಹದಿನಾರರಲ್ಲಿ, ಅವನಿಗೆ ಮಗಳ ಮುಖವೂ ಮರೆತುಹೋಗಿದೆ. ನೀರಿನ ಟ್ಯಾಂಕಿನ ಮೇಲೆ ಒಬ್ಬನೇ ನಿಂತಿದ್ದಾನೆ. ಹಿಂದೆ ಪುಟದ ಅರ್ಧದಷ್ಟು ಚಂದ್ರ.

ಚಂದ್ರನ ಮೇಲೆ ಒಂದು ಸುಳಿ. ಸುಳಿಯನ್ನು ಓರೆಯಾಗಿ ಸೀಳಿದ ಒಂದು ಬಿಳಿ ಗೆರೆ.

ಬರೆದ ಕಲಾವಿದ ಸತ್ತು ವರ್ಷಗಳಾಗಿದ್ದವು, ಅಸಲು ಚಿತ್ರಗಳನ್ನು ಗೆದ್ದಲು ತಿಂದಿತ್ತು. ಉಳಿದದ್ದು ಅಚ್ಚಾದ ಪ್ರತಿಗಳು ಮಾತ್ರ. ಕೂಡಿಟ್ಟವನೊಬ್ಬನಿಂದ ಎರವಲು ತಂದು ಸ್ಕ್ಯಾನ್ ಮಾಡಿ ಹಿಂದಕ್ಕೆ ಕೊಟ್ಟಿದ್ದರು. ಹದಿನಾರನೇ ಪುಟ ಒರೆಸಪ್ಪನ ಪರದೆಗೆ ಬಂದದ್ದು ಒಂದು ಮಂಗಳವಾರ, ಊಟದ ಹೊತ್ತಿಗೆ. ಎಲ್ಲರೂ ಕೆಳಗೆ ಹೋಗಿದ್ದರು. ಅವನು ಹೋಗಲಿಲ್ಲ. ಚಂದ್ರನನ್ನು ಪರದೆಯ ತುಂಬ ಹಿಗ್ಗಿಸಿ ಸುಮಾರು ಹೊತ್ತು ನೋಡಿದ. ಆಮೇಲೆ ಹೊರಗಿನ ಗೆರೆಯಿಂದ ಶುರುಮಾಡಿ ಒಳಗಿನದರವರೆಗೆ ಒಂದೊಂದೇ ಗೆರೆ ಒರೆಸಿದ. ಚಂದ್ರ ತೊಳೆದಿಟ್ಟ ತಟ್ಟೆಯ ಹಾಗಾಯಿತು. ಅಸಲು ಸ್ಕ್ಯಾನಿನ ಮೇಲೆಯೇ ಅದನ್ನು ಸೇವ್ ಮಾಡಿದ. ಕೈತಪ್ಪಿ ಆದದ್ದಲ್ಲ. ಬೇಕೆಂದೇ ಮಾಡಿದ.

ಯಾಕೆಂದರೆ ಅದು ಅವನಪ್ಪನ ಹೆಬ್ಬೆಟ್ಟು.

ಅಪ್ಪ ಆ ಕಾಮಿಕ್ಸ್ ಅಚ್ಚಾಗುತ್ತಿದ್ದ ಪ್ರೆಸ್ಸಿನಲ್ಲಿ ಮಷೀನು ಓಡಿಸುತ್ತಿದ್ದ. ಉದ್ದನೆಯ ಕೋಣೆ, ಎತ್ತರದಲ್ಲಿ ಎರಡೇ ಕಿಟಕಿ, ಸೀಮೆಎಣ್ಣೆ ಮತ್ತು ಶಾಯಿ ಕಲೆತ ವಾಸನೆ. ಸಂಜೆ ಅಪ್ಪ ಬಾಗಿಲಿಗೆ ಬರುವ ಮೊದಲೇ ಆ ವಾಸನೆ ಮನೆಯೊಳಗೆ ಬಂದು ಕೂತಿರುತ್ತಿತ್ತು. ಕಂಕುಳಲ್ಲಿ ಸುರುಳಿ ಸುತ್ತಿದ ಕೆಟ್ಟ ಹಾಳೆ. ಮಡಚಿ ಕತ್ತರಿಸುವ ಮೊದಲಿನ ಹಾಳೆ ಅದು. ಬಿಡಿಸಿ ಹಾಸಿದರೆ ಚಾಪೆಯಷ್ಟಗಲ. ಒಂದು ಮಗ್ಗುಲಿಗೆ ಎಂಟು ಪುಟ, ನಾಲ್ಕು ನೆಟ್ಟಗೆ, ನಾಲ್ಕು ತಲೆಕೆಳಗೆ. ಮಡಚಿದರೆ ಎಲ್ಲವೂ ಸರಿಯಾಗಿ ಕೂರುತ್ತಿತ್ತು. ಆದರೆ ಮಡಚಿದರೆ ಒಬ್ಬರಿಗೇ ಪುಸ್ತಕ, ಹಾಸಿದರೆ ಇಬ್ಬರಿಗೂ.

ಅಕ್ಕ ಆ ಕಡೆ ಬೋರಲು, ಇವನು ಈ ಕಡೆ ಬೋರಲು, ನಡುವೆ ತಲೆಗೆ ತಲೆ ತಾಗುತ್ತಿತ್ತು. ಇವನ ಕಡೆಗೆ ನಾಲ್ಕು, ಹದಿಮೂರು, ಹದಿನಾರು, ಒಂದು. ಅಕ್ಕನ ಕಡೆಗೆ ಐದು, ಹನ್ನೆರಡು, ಒಂಬತ್ತು, ಎಂಟು. ಕಥೆಯ ತಲೆ ಬಾಲ ಎರಡೂ ಇವನ ಪಾಲಿಗೆ, ಹೊಟ್ಟೆ ಅಕ್ಕನ ಪಾಲಿಗೆ.

"ಅಕ್ಕಾ, ಇವ್ನು ಟ್ಯಾಂಕ್ ಮೇಲೆ ಯಾಕೆ ಹತ್ತಿದ್ದು?"

"ತಾಳೋ, ನಂದಿನ್ನೂ ಎಂಟನೇ ಪುಟ. ಬಾಗಿಲೇ ಮುರಿದಿಲ್ಲ."

"ಮಗಳು ಕರೆದ್ರೂ ತಿರುಗಿ ನೋಡಲ್ವಲ್ಲ!"

"ಕೊನೇದು ಹೇಳ್ಬೇಡ ಅಂತ ಎಷ್ಟು ಸಲ ಹೇಳೋದು ನಿನಗೆ? ಹಲ್ಲು ಉದುರಿಸ್ತೀನಿ ನೋಡು."

ಉದುರಿಸಲು ಇವನ ಬಾಯಲ್ಲಿ ಮುಂದಿನ ಹಲ್ಲೇ ಇರಲಿಲ್ಲ. ಆರು ವರ್ಷ ಅವನಿಗೆ. ಎಂಟೂ ಪುಟ ಮುಗಿದ ಮೇಲೆ ಇಬ್ಬರೂ ಮೂಲೆ ಹಿಡಿದು, ಉಸಿರು ಬಿಗಿಹಿಡಿದು ಹಾಳೆ ಮಗುಚುತ್ತಿದ್ದರು. ಆರನೇ ಸಂಚಿಕೆಯವರೆಗೂ ಅಪ್ಪ ಗೋಡೆಗೊರಗಿ ಕೂತು, ಉಗುರಿನ ಸಂದಿಯ ಕಪ್ಪನ್ನು ಬೆಂಕಿಕಡ್ಡಿಯಿಂದ ಕೆರೆಯುತ್ತ ಇಬ್ಬರ ಜಗಳ ಕೇಳಿ ನಗುತ್ತಿದ್ದ.

ಏಳನೇ ಸಂಚಿಕೆಯ ದಿನ ಶಾಲೆಗೆ ರಜೆ. ಒರೆಸಪ್ಪ ಬುತ್ತಿ ಕೊಡಲು ಪ್ರೆಸ್ಸಿಗೆ ಹೋಗಿದ್ದ. ಅಪ್ಪ ಆಗಷ್ಟೇ ಹೊಸ ಪ್ಲೇಟು ಬಿಗಿದು, ಒರೆಸಿ, ಮಷೀನು ಓಡಿಸಲು ಸಿದ್ಧವಾಗಿದ್ದ. ತೆಳ್ಳನೆಯ ಅಲ್ಯೂಮಿನಿಯಂ ತಗಡು ಅದು. ನೀರು ಹಿಡಿದ ಜಾಗ ಬಿಳಿಯಾಗಿ ಬರುತ್ತದೆ, ಜಿಡ್ಡು ಹಿಡಿದ ಜಾಗ ಕಪ್ಪಾಗಿ. ಒರೆಸಿದ ಮೇಲೆ ಬರಿಗೈ ತಾಗಿಸುವ ಹಾಗೇ ಇಲ್ಲ, ಬೆರಳಿನ ಜಿಡ್ಡೂ ಅಚ್ಚಾಗಿಬಿಡುತ್ತದೆ. ಹದಿನೈದು ವರ್ಷದಲ್ಲಿ ಅಪ್ಪ ಒಮ್ಮೆಯೂ ತಾಗಿಸಿರಲಿಲ್ಲ.

"ಚಂದ್ರ ಎಲ್ಲಪ್ಪಾ? ದೊಡ್ಡ ಚಂದ್ರ ಇರುತ್ತೆ ಅಂದಿದ್ದೆ."

"ಇಲ್ಲಿ ನೋಡೋ, ಇಷ್ಟು ದೊಡ್ಡದಿದೆ, ಕಣ್ಣು ಕಾಣಲ್ವಾ?" ಎಂದು ಅಪ್ಪ ಅವನನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಇನ್ನೊಂದು ಕೈಯ ಹೆಬ್ಬೆಟ್ಟನ್ನು ಚಂದ್ರನ ನಟ್ಟನಡುವೆ ಒತ್ತಿ ತೋರಿಸಿದ. ಎಂದೋ ಕಟಿಂಗ್ ಮಷೀನಿನ ಅಲಗು ತಾಗಿ ಓರೆಗಾಯ ಉಳಿದಿದ್ದ ಹೆಬ್ಬೆಟ್ಟು.

ನಾಲ್ಕು ಸಾವಿರ ಪ್ರತಿ ಅಚ್ಚಾದ ಮೇಲೆ ಮಾಲೀಕ ನೋಡಿದ. "ಏನಯ್ಯಾ, ಸಂಬಳದ ಪುಸ್ತಕದಲ್ಲಿ ಒತ್ತೋದು ಸಾಲ್ದು ಅಂತ ಚಂದ್ರನ ಮೇಲೂ ಒತ್ತಿದ್ಯಾ?" ಎಂದು ಎಲ್ಲರೆದುರು ಕೇಳಿದನಂತೆ. ಅಪ್ಪನನ್ನು ಮಷೀನಿನಿಂದ ಇಳಿಸಿ ಮೂಲೆಯಲ್ಲಿ ಕಟ್ಟು ಕಟ್ಟಲು ಕೂರಿಸಿದರು. "ಕೈ ಜಾರಿತು" ಎಂದಷ್ಟೇ ಹೇಳಿದ ಅಪ್ಪ. ಮಗನಿಗೆ ತೋರಿಸಲು ಹೋಗಿ ಆದದ್ದೆಂದು ಯಾರ ಬಳಿಯೂ ಹೇಳಲಿಲ್ಲ. ಅವತ್ತೂ ಒಂದು ಹಾಳೆ ಮನೆಗೆ ತಂದ, ಆದರೆ ಗೋಡೆಗೊರಗಿ ಕೂರಲಿಲ್ಲ. ಏಳು ವರ್ಷ ದಾರ ಎಳೆದೆಳೆದು ಬೆರಳು ಸವೆಸಿಕೊಂಡು, ಮತ್ತೆ ಮಷೀನು ಮುಟ್ಟದೆಯೇ ತೀರಿಹೋದ. ಒರೆಸಪ್ಪ ಶಾಲೆ ಬಿಟ್ಟು ಫೋಟೋ ಅಂಗಡಿಗೆ ಸೇರಿ ಮದುಮಕ್ಕಳ ಮುಖದ ಮೊಡವೆ ಒರೆಸುವುದನ್ನು ಕಲಿತ.

ಹಾಗಾಗಿ, ಇಪ್ಪತ್ತು ವರ್ಷದ ಮೇಲೆ ಆ ಕಲೆ ಎದುರಿಗೆ ಬಂದಾಗ ಒರೆಸಿದ. ಅಪ್ಪನಿಗೆ ಕಡೆಗೂ ಒಂದು ಉಪಕಾರ ಮಾಡಿದೆ ಅಂದುಕೊಂಡ.

ಗುರುವಾರ ಮೇಡಂ, ಅಂದರೆ ಸಿನಿಮಾದ ನಿರ್ದೇಶಕಿ, ತಾವೇ ಅವನ ಮೇಜಿಗೆ ಬಂದರು. ಹಿಂದೆ ಚಿತ್ರಕಥೆಯವನು.

"ಸುಳಿ ಎಲ್ರೀ?"

"ಯಾವ ಸುಳಿ ಮೇಡಂ?"

"ಚಂದ್ರನ ಮೇಲಿಂದು! ಇಡೀ ಸಿನಿಮಾ ಮುಗಿಯೋದೇ ಅದರೊಳಗೆ. ಕ್ಯಾಮೆರಾ ಆ ಸುಳಿಯೊಳಗೆ ಹೋಗ್ಬೇಕು."

"ಅದು ಇದ್ದಿಲಿನ ಒಡೆದ ಮನಸ್ಸು. ಆ ಸೀಳು ಇದೆಯಲ್ಲ, ಅದು ನೆನಪಿಗೂ ಮರೆವಿಗೂ ನಡುವಿನ ಗಡಿ. ಮಹಾ ಕಲಾವಿದ ಬಿಡಿ," ಎಂದ ಚಿತ್ರಕಥೆಯವನು.

ಒರೆಸಪ್ಪನಿಗೆ ಕಿವಿಯವರೆಗೂ ಬಿಸಿ ಏರಿತು. ಅಪ್ಪ ಇಟ್ಟರೆ ಕೊಳೆ, ಕಲಾವಿದ ಇಟ್ಟ ಅಂದುಕೊಂಡರೆ ಒಡೆದ ಮನಸ್ಸು! ಅದೇ ಬೆರಳು, ಅದೇ ಶಾಯಿ. ಯಾವುದಕ್ಕೆ ಒಬ್ಬನನ್ನು ಮೂಲೆಗೆ ತಳ್ಳಿದರೋ ಅದಕ್ಕೇ ಇನ್ನೊಬ್ಬನಿಗೆ ಹಾರ. ಮೂರು ತಿಂಗಳು ಏಸಿ ಹಾಕಿಕೊಂಡು ಮೀಟಿಂಗ್ ಮಾಡಿದ ಇಷ್ಟು ಜನರಲ್ಲಿ ಒಬ್ಬರಾದರೂ ತಮ್ಮ ಕೈ ನೋಡಿಕೊಳ್ಳಬಾರದೇ? ಇಷ್ಟೆಲ್ಲ ಬಾಯಿಗೆ ಬಂದಿತ್ತು. ಹೊರಗೆ ಬಂದದ್ದು ಮಾತ್ರ, "ಕೊಳೆ ಅಂದ್ಕೊಂಡೆ. ಒರೆಸ್ದೆ."

ಅಸಲು ಸ್ಕ್ಯಾನ್ ಇಲ್ಲ. ಪುಸ್ತಕ ಎರವಲು ಕೊಟ್ಟಿದ್ದವನಿಗೆ ಫೋನ್ ಮಾಡಿದರೆ ಅವನು ಅದನ್ನು ಯಾರಿಗೋ ಮಾರಿಬಿಟ್ಟಿದ್ದ. ಬಣ್ಣದ ಹುಡುಗಿಗೆ ಹೊಸ ಸುಳಿ ಬರೆಯಲು ಹೇಳಿದರು. ಎಲ್ಲರೂ ಸುತ್ತ ನಿಂತು ನೋಡಿದರು.

"ಸೊಳ್ಳೆಬತ್ತಿ ಥರ ಇದೆ," ಎಂದ ಯಾರೋ.

"ಹಚ್ಚಿಬಿಡಿ, ಸೊಳ್ಳೆಯಾದ್ರೂ ಹೋಗ್ಲಿ," ಎಂದು ಅವಳು ಪೆನ್ನು ಎಸೆದಳು.

ಯಾರೂ ನಗಲಿಲ್ಲ. ಮೇಡಂ ಕಣ್ಣು ಮುಚ್ಚಿ ಕೂತಿದ್ದರು. ಒರೆಸಪ್ಪ ಎದ್ದು ನಿಂತ. "ನಾಳೆ ತರ್ತೀನಿ. ನಮ್ಮಕ್ಕನ ಮನೇಲಿ ಇದೆ."

ಅಕ್ಕ ಬಟ್ಟೆ ಅಂಗಡಿಯೊಂದರಲ್ಲಿ ಪ್ಯಾಂಟು ಷರ್ಟುಗಳ ಅಳತೆ ತಿದ್ದುತ್ತಿದ್ದಳು. ಸಂಜೆ ಮನೆಯಲ್ಲೂ ಅದೇ ಕೆಲಸ. ಹೊಲಿಗೆಮಷೀನಿನ ಚಕ್ರ ನಿಲ್ಲಿಸಿ ಪೂರ್ತಿ ಕೇಳಿದಳು. ಪ್ರೆಸ್ಸಿನಲ್ಲಿ ಅಪ್ಪ ಎತ್ತಿಕೊಂಡದ್ದು, ಬೆರಳು ಒತ್ತಿದ್ದು, ಇಪ್ಪತ್ತು ವರ್ಷ ಅದುಮಿಟ್ಟುಕೊಂಡದ್ದನ್ನೆಲ್ಲ ಅವನು ಒಂದೇ ಉಸಿರಿಗೆ ಹೇಳಿದ. ಅವಳು ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದ.

"ನಿನಗೇನು ತಲೆ ಕೆಟ್ಟಿದೆಯೇನೋ?" ಎಂದಳು. "ಒರೆಸೋದಕ್ಕೆ ಮನಸ್ಸಾದ್ರೂ ಹೇಗೆ ಬಂತು? ಅಪ್ಪನದು ಅಂತ ಇನ್ನೇನು ಉಳಿದಿದೆ ನಮ್ಮ ಹತ್ರ? ಒಂದು ಫೋಟೋ. ಅದರಲ್ಲಿ ಮುಖ ಇದೆ, ಕೈ ಇಲ್ಲ."

"ಅವಮಾನ ಅಲ್ವೇನೇ ಅದು?"

"ಮಗನನ್ನ ಎತ್ಕೊಂಡು ಚಂದ್ರನ್ನ ತೋರಿಸಿದ್ದು ಅವಮಾನಾನಾ?"

ಅಕ್ಕ ಟ್ರಂಕಿನ ಬಟ್ಟೆಗಳನ್ನೆಲ್ಲ ಹೊರಗೆ ಹಾಕಿ, ತಳಕ್ಕೆ ಹಾಸಿದ್ದ ಹಾಳೆಯನ್ನು ಎರಡೂ ಅಂಗೈ ಮೇಲೆ ಎತ್ತಿದಳು. ಅಂಚು ಕಂದಾಗಿತ್ತು. ನುಸಿಗುಳಿಗೆಯ ವಾಸನೆಯ ಅಡಿಯಲ್ಲಿ ಎಲ್ಲೋ ತೆಳ್ಳಗೆ ಶಾಯಿಯ ವಾಸನೆ. ನೆಲದ ಮೇಲಿದ್ದ ಪ್ಯಾಂಟುಗಳನ್ನು ಕಾಲಲ್ಲೇ ಸರಿಸಿ ಹಾಸಿದರು. ಅಕ್ಕ ಆ ಕಡೆ ಬೋರಲು ಮಲಗಿದಳು. ಅವನು ಈ ಕಡೆ. ಈಗ ಜಾಗ ಸಾಲದೆ ಇಬ್ಬರ ತಲೆಗಳೂ ಡಿಕ್ಕಿ ಹೊಡೆದವು.

"ಎಂಟನೇ ಪುಟದಲ್ಲಿ ಬಾಗಿಲು ಇನ್ನೂ ಮುರಿದಿಲ್ಲ ಕಣೋ," ಎಂದಳು ಅಕ್ಕ. ಅವಳ ದನಿ ಒಂಬತ್ತು ವರ್ಷದ್ದಾಗಿತ್ತು.

ಅವನ ಕಡೆಯ ಹದಿನಾರನೇ ಪುಟದಲ್ಲಿ ಹೆಬ್ಬೆಟ್ಟು ಹಾಗೇ ಇತ್ತು, ಪುಸ್ತಕದಲ್ಲಿದ್ದುದಕ್ಕಿಂತ ಕಪ್ಪಾಗಿ. ಮೊದಲ ಹಾಳೆಗಳಲ್ಲಿ ಒಂದಿರಬೇಕು.

"ತಗೊಂಡು ಹೋಗು," ಎಂದಳು ಏಳುತ್ತ. "ಆದ್ರೆ ಯಾರ ಬೆರಳು ಅಂತ ಹೇಳಿ ಕೊಡ್ಬೇಕು. ಹೇಳದೆ ಕೊಟ್ಟರೆ ನನ್ನ ಮನೆ ಮೆಟ್ಟಿಲು ಹತ್ಬೇಡ."

"ಗೊತ್ತಾದ್ರೆ ಅವರೇ ಒರೆಸಿ ಅಂತಾರೆ ಅಕ್ಕಾ. ಅವರಿಗೆ ಬೇಕಾಗಿರೋದು ಒಡೆದ ಮನಸ್ಸು."

"ಅಂದ್ರೆ ಅನ್ಲಿ. ಸುಮ್ನಿದ್ರೆ ಅಪ್ಪನ ಬೆರಳು ಇನ್ನೊಬ್ಬನ ಕೈಗೆ ಹೋಗುತ್ತೆ."

ಮರುದಿನ ಮೀಟಿಂಗ್ ಕೋಣೆಯ ಉದ್ದ ಮೇಜಿನ ಮೇಲೆ ಹಾಳೆ ಹಾಸಿದಾಗ ಲ್ಯಾಪ್‌ಟಾಪುಗಳೆಲ್ಲ ಅಂಚಿಗೆ ಸರಿದವು. ಎಲ್ಲರೂ ಬಗ್ಗಿದರು. "ಸಿಕ್ಕಿತಲ್ಲ!" ಎಂದ ಚಿತ್ರಕಥೆಯವನು.

"ಇದು ಸುಳಿ ಅಲ್ಲ," ಎಂದ ಒರೆಸಪ್ಪ. ಮೃದುವಾಗಿ ಹೇಳಬೇಕೆಂದು ಬಸ್ಸಿನುದ್ದಕ್ಕೂ ಅಂದುಕೊಂಡು ಬಂದಿದ್ದ. ಆಗಲಿಲ್ಲ. "ನಮ್ಮಪ್ಪನ ಹೆಬ್ಬೆಟ್ಟು. ಇದನ್ನ ಅಚ್ಚು ಹಾಕಿದ್ದು ಅವನೇ. ನಿಮ್ಮ ಸೀಳು ಗಡಿಯೂ ಅಲ್ಲ, ಗಿಡಿಯೂ ಅಲ್ಲ, ಕಟಿಂಗ್ ಮಷೀನಿನ ಗಾಯ. ಈ ಚಂದ್ರನ್ನ ನನಗೆ ತೋರಿಸೋಕೆ ಹೋಗಿ ಪ್ಲೇಟಿಗೆ ಬೆರಳು ತಾಗಿಸ್ದ. ಅದಕ್ಕೆ ಅವನ ಮಷೀನು ಕಿತ್ಕೊಂಡ್ರು. ಬೇಕಾದ್ರೆ ಇಟ್ಕೊಳ್ಳಿ, ಬೇಡದಿದ್ರೆ ಒರೆಸಿ. ಆದ್ರೆ ಬೇರೆಯವರ ಹೆಸರು ಹೇಳ್ಬೇಡಿ."

"ಅಂದ್ರೆ... ಇದು ಪ್ರಿಂಟಿಂಗ್ ದೋಷ," ಎಂದ ಚಿತ್ರಕಥೆಯವನು ಮೆಲ್ಲಗೆ. "ಹಾಗಾದ್ರೆ ಇಡೋಕಾಗಲ್ಲ ಮೇಡಂ. ಅರ್ಥವೇ ಇಲ್ವಲ್ಲ ಇದಕ್ಕೆ."

ಮೇಡಂ ಕನ್ನಡಕ ತೆಗೆದು, ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದರು. ಆಮೇಲೆ ಕೇಳಿದರು, "ಎಷ್ಟು ಪ್ರತಿ ಹಾಕಿದ್ರು?"

"ನಾಲ್ಕು ಸಾವಿರ."

"ಎಲ್ಲದರಲ್ಲೂ ಇತ್ತಾ?"

"ಎಲ್ಲದರಲ್ಲೂ."

"ಒಂದು ನನ್ನ ಹತ್ರ ಇತ್ತು," ಎಂದರು ಮೇಡಂ. "ಹನ್ನೊಂದು ವರ್ಷ ನನಗೆ. ಇದರ ಮೇಲೆ ನನ್ನ ಹೆಬ್ಬೆಟ್ಟು ಇಟ್ಟು ನೋಡ್ತಿದ್ದೆ. ಇದು ದೊಡ್ಡದಿತ್ತು. ಯಾರದೋ ಬೆರಳು, ಯಾರೋ ಇದ್ದಾರೆ ಇಲ್ಲಿ ಅಂತ ಅನ್ನಿಸೋದು. ಅದಕ್ಕೇ ಈ ಪುಟ ನೋಡಿದ್ರೆ ಹೆದರಿಕೆ ಆಗ್ತಿರಲಿಲ್ಲ." ಮತ್ತೆ ಕನ್ನಡಕ ಹಾಕಿಕೊಂಡು, "ಆಗ ಗೊತ್ತಿತ್ತು ನೋಡಿ. ಕಾಲೇಜು ಓದಿದ ಮೇಲೆ ಮರೆತೇಹೋಯ್ತು," ಎಂದರು.

ಒರೆಸಪ್ಪ ಜಗಳಕ್ಕೆ ಸಿದ್ಧವಾಗಿ ಬಂದಿದ್ದ. ಮುಷ್ಟಿ ಬಿಗಿದ ಕೈಗಳನ್ನು ಈಗ ಎಲ್ಲಿ ಇಡಬೇಕೋ ತಿಳಿಯದೆ ಹಾಳೆಯ ಮೂಲೆ ನೀವಿದ.

ಮೇಡಂ ಚಿತ್ರಕಥೆಯ ಕೊನೆಯ ಹಾಳೆ ಎಳೆದುಕೊಂಡು 'ಒಡೆದ ಮನಸ್ಸು' ಎಂದಿದ್ದುದನ್ನು ಹೊಡೆದುಹಾಕಿದರು. "ನಿಮ್ಮ ತಂದೆ ಹೆಸರು ಹೇಳಿ," ಎಂದರು. ಅವನು ಹೇಳಿದ. 'ಚಂದ್ರ' ಎಂದು ಬರೆದು, ಅದರ ಮುಂದೆ ಆ ಹೆಸರು ಬರೆದು, ಸರಿಯಿದೆಯೇ ಎಂದು ಅವನಿಗೆ ತೋರಿಸಿದರು.

ಸಿನಿಮಾ ಮುಗಿದ ಮೇಲೆ ಒಂದು ಮಧ್ಯಾಹ್ನ ಸ್ಟುಡಿಯೋದವರಿಗೂ ಮನೆಯವರಿಗೂ ತೋರಿಸಿದರು. ಅಕ್ಕ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಕೊನೆಯಲ್ಲಿ ಇದ್ದಿಲು ಟ್ಯಾಂಕ್ ಹತ್ತಿ ನಿಂತ. ಮಗಳು ಕೆಳಗಿನಿಂದ ಕರೆದಳು, ಅವನಿಗೆ ಗುರುತು ಸಿಗಲಿಲ್ಲ. ಅವನ ಹಿಂದೆ ಚಂದ್ರ ಏರತೊಡಗಿದ. ಗೋಡೆಯಗಲದ ಹೆಬ್ಬೆಟ್ಟು, ಒಂದೊಂದು ಗೆರೆಯೂ ಹಗ್ಗದಷ್ಟು ದಪ್ಪ, ನಡುವೆ ಆ ಓರೆಗಾಯ.

ಒರೆಸಪ್ಪ ಪಕ್ಕಕ್ಕೆ ನೋಡಿದ. ಅಕ್ಕ ಕುತ್ತಿಗೆ ವಾಲಿಸಿ, ಇನ್ನೂ ವಾಲಿಸಿ, ಕುರ್ಚಿಯಿಂದ ಬೀಳುವಷ್ಟು ಓರೆಯಾಗಿ ಕೂತಿದ್ದಳು.

"ಏನೇ ಅದು, ನೆಟ್ಟಗೆ ಕೂತ್ಕೊ," ಎಂದ ಪಿಸುದನಿಯಲ್ಲಿ.

"ಸುಮ್ನಿರೋ," ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ಹಾಳೇಲಿ ನನ್ನ ಕಡೆಯಿಂದ ಇದು ಯಾವಾಗ್ಲೂ ತಲೆಕೆಳಗೇ ತಾನೇ ಕಾಣ್ತಿದ್ದುದು."