ಓಟಿ ಅಂದರೆ

ಗೇಟಿನ ಕಿಟಕಿಯೊಳಗಿನ ಕಂಪ್ಯೂಟರ್ ಇನ್ನೊಮ್ಮೆ ಕೆಂಪು ಪಟ್ಟಿ ತೋರಿಸಿತು. ವಾಚ್‌ಮನ್ ರೇವಣ್ಣ ಅದನ್ನು ನೋಡಿದ, ಕಿಟಕಿಯಾಚೆ ನಿಂತಿದ್ದ ರಹೀಮುನ್ನೀಸಾಳನ್ನು ನೋಡಿದ, ಮತ್ತೆ ಕಂಪ್ಯೂಟರಿನ ಕಡೆಗೇ ತಿರುಗಿದ. ಎರಡರಲ್ಲಿ ಅದರ ಮುಖ ನೋಡುವುದೇ ಅವನಿಗೆ ಸುಲಭವಾಗಿತ್ತು.

“ತಡೆ ಅಂತಲೇ ಬರ್ತಾ ಇದೆ ಅಮ್ಮ. ನಾನೆಂತ ಮಾಡ್ಲಿ? ಗೇಟ್ ತೆಗೆದ್ರೆ ನಾಳೆಯಿಂದ ನಾನೂ ನಿಮ್ ಜೊತೆ ಹೊರಗೇ ನಿಂತ್ಕೋಬೇಕಾಗತ್ತೆ.”

“ಬಾ ಮಾರಾಯ, ಜಾಗ ಬೇಕಾದಷ್ಟಿದೆ,” ಅಂದಳು ಅವಳು. ಮುಖದಲ್ಲಿ ನಗುವಿರಲಿಲ್ಲ.

ಅವಳ ಹಿಂದೆ ರಸ್ತೆಬದಿಯಲ್ಲಿ ಇಜಾಜನ ಬಾಡಿಗೆ ಪಿಕಪ್ ನಿಂತಿತ್ತು. ಅದರ ತುಂಬ ಅತ್ತಿಗುಂಡಿಯ ಅವಳ ತೋಟದ ಚೆರಿ. ಅಂದರೆ ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿ ಮೂಟೆ ಕಟ್ಟಿದ ಕಾಫಿ. ಗಿರಿಯ ಕಡೆ ಮೋಡ ಕಟ್ಟುತ್ತಿತ್ತು. ಮಾರ್ಚ್ ತಿಂಗಳ ಆ ಮಳೆ ಗಿಡದ ಮೇಲಿನ ಮೊಗ್ಗಿಗೆ ಬೇಕು, ಮೂಟೆಯೊಳಗಿನ ಕಾಫಿಗೆ ಬೇಡ. ಚಿಕ್ಕಮಗಳೂರಿನ ಅಂಚಿನಲ್ಲಿ ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ ಈ ಕ್ಯೂರಿಂಗ್ ವರ್ಕ್ಸಿಗೆ ಅವಳ ಗಂಡನ ಕಾಲದಿಂದಲೂ ಅವರ ಕಾಫಿ ಬರುತ್ತಿತ್ತು. ಗಂಡ ಹೋದಮೇಲೂ ಅವಳು ಅದನ್ನು ತಪ್ಪಿಸಿರಲಿಲ್ಲ.

ಗೇಟಿನ ಕಂಬಕ್ಕೆ ಒಂದು ಕಪ್ಪು ಹಲಗೆ ತೂಗುಹಾಕಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ‘ರಹೀಮುನ್ನೀಸಾ, ಅತ್ತಿಗುಂಡಿ - ಕಲಬೆರಕೆ’ ಎಂದಿತ್ತು. ಸಾಫ್ಟ್‌ವೇರ್ ಹೇಳಿದ್ದು ‘ತಡೆ’ ಎಂಬ ಒಂದೇ ಮಾತು. ಯಾಕೆ ತಡೆ, ಯಾಕೆ ತಡೆ ಎಂದು ಡ್ರೈವರುಗಳು ತಲೆ ತಿಂದದ್ದರಿಂದ ರೇವಣ್ಣ ತನ್ನ ಬುದ್ಧಿ ಖರ್ಚು ಮಾಡಿ ಉಳಿದದ್ದನ್ನು ಸೇರಿಸಿದ್ದ. ಹೋದ ವಾರ ಲೋಡ್ ಸಮೇತ ವಾಪಸು ಬಂದ ಇಜಾಜ್ ಇದನ್ನು ಹೇಳಿದಾಗ ಅವಳು ನಂಬಿರಲಿಲ್ಲ. ಮರುದಿನ ಅತ್ತಿಗುಂಡಿಯ ಚಹಾದಂಗಡಿಯ ಮುಂದೆ ಯಾರೋ, “ಎಂತ ಬೆರೆಸ್ತೀರಿ ಅಕ್ಕ, ನಮಗೂ ಹೇಳ್ಕೊಡಿ,” ಎಂದು ನಕ್ಕಾಗ ನಂಬಿದಳು. ಇವತ್ತು ತಾನೇ ಲೋಡಿನ ಜೊತೆ ಬಂದಿದ್ದಳು.

ಒಳಗೆ ಮ್ಯಾನೇಜರ್ ಸುರೇಂದ್ರನ ಕೋಣೆಯಲ್ಲಿ ಶೈಮಾ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಊರಿನ ಕಾಫಿ ಕಾರ್ಖಾನೆಗಳಿಗೆ ಈ ಸಾಫ್ಟ್‌ವೇರ್ ಹೊಂದಿಸಿಕೊಡುವ ಸಣ್ಣ ಕಂಪನಿಯೊಂದರಲ್ಲಿ ಅವಳ ಕೆಲಸ. ಸಾಫ್ಟ್‌ವೇರ್ ಯಾರೋ ದೊಡ್ಡವರದು. ಅದರ ಹೆಸರುಗಳು, ಪರದೆಗಳು, ನಿಯಮಗಳನ್ನು ಇಲ್ಲಿಗೆ ತಕ್ಕಂತೆ ಬದಲಿಸಲು ಅವರೇ ಕೆಲವು ಬಾಗಿಲು ಬಿಟ್ಟಿದ್ದರು. ಆ ಬಾಗಿಲುಗಳಿಂದಲೇ ಹೋಗಬೇಕು, ಗೋಡೆ ಕೊರೆಯಬಾರದು ಎಂಬುದು ಶೈಮಾ ಪಾಲಿಸಿಕೊಂಡು ಬಂದ ಮಡಿ. ಸುರೇಂದ್ರನಿಗೆ ಇಂಥ ಮಡಿಯೆಲ್ಲ ಇರಲಿಲ್ಲ.

“ಡೇಟಾಬೇಸ್ ಪಾಸ್‌ವರ್ಡ್ ನಿಮ್ ಹತ್ರ ಇದೆಯಲ್ಲ. ಹಿಂದ್ಗಡೆಯಿಂದ ಹೋಗಿ ಆ ತಡೆ ತೆಗೆದು ಬನ್ನಿ ಮಾರಾಯ್ರೇ. ಟೀ ಬರೋದ್ರೊಳಗೆ ಆಗೋ ಕೆಲ್ಸ.”

“ಆಗತ್ತೆ ಸಾರ್. ರಾತ್ರಿ ಅದೇ ಲೆಕ್ಕ ಮತ್ತೆ ಓಡತ್ತೆ, ಬೆಳಗ್ಗೆ ಮತ್ತೆ ತಡೆ ಬೀಳತ್ತೆ. ಅವರ ಓಟಿ ಯಾಕೆ ಕಮ್ಮಿ ಬಂತು ಅಂತ ಮೊದ್ಲು ನೋಡ್ಬೇಕು.”

ಓಟಿ ಅಂದರೆ ಔಟ್‌ಟರ್ನ್. ಐವತ್ತು ಕಿಲೋ ಚೆರಿಯ ಸಿಪ್ಪೆ ತೆಗೆದರೆ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬ ಸಂಖ್ಯೆ. ಒಳ್ಳೆಯ ಕಾಫಿಗೆ ಇಪ್ಪತ್ತೈದು, ಇಪ್ಪತ್ತಾರು ಬರುತ್ತದೆ. ಮಲೆನಾಡಿನ ಬೆಳೆಗಾರರ ಮಾನ ಮರ್ಯಾದೆ ಅಷ್ಟೂ ಆ ಒಂದು ಸಂಖ್ಯೆಯಲ್ಲಿ ಕೂತಿರುತ್ತದೆ. ಒಬ್ಬರದೇ ಕಾಫಿ ಮೂರು ಸಲ ಕಡಿಮೆ ಬಂದರೆ ಸಾಫ್ಟ್‌ವೇರ್ ತಾನಾಗಿಯೇ ಅವರನ್ನು ತಡೆಯುತ್ತಿತ್ತು.

ಶೈಮಾ ರಹೀಮುನ್ನೀಸಾಳ ಲಾಟುಗಳನ್ನು, ಅಂದರೆ ಒಂದೊಂದು ಸಲ ತಂದ ಲೋಡಿನ ದಾಖಲೆಗಳನ್ನು, ತೆರೆದಳು. ಓಟಿ ಮೂರು, ಎರಡು, ಮೂರು ಎಂದಿತ್ತು. ಐವತ್ತು ಕಿಲೋದಲ್ಲಿ ಮೂರೇ ಕಿಲೋ ಬೀಜ ಬರಬೇಕಾದರೆ ಮೂಟೆಯ ತುಂಬ ಕಸವೇ ಇರಬೇಕು. ಅಷ್ಟು ಕಸವನ್ನು ಯಾರ ಕಣ್ಣಿಗೂ ಬೀಳದಂತೆ ಬೆರೆಸುವ ಕಳ್ಳ ಇನ್ನೂ ಹುಟ್ಟಿಲ್ಲ. ಆದರೆ ಈ ಕಾರ್ಖಾನೆಯಲ್ಲಿ ಯಾರೂ ಸಂಖ್ಯೆ ನೋಡಿರಲಿಲ್ಲ. ಕೆಂಪು ಬಣ್ಣ ನೋಡಿದ್ದರು, ಅಷ್ಟೇ.

ಸ್ಯಾಂಪಲ್ ಪರೀಕ್ಷೆ ಮಾಡುವ ಪ್ರಸನ್ನಕುಮಾರನನ್ನು ಕರೆಸಿದರು. ಅವನು ಪರದೆ ನೋಡಿ ಹೌಹಾರಿದ.

“ಮೂರಾ? ನಾನು ಹಾಕಿದ್ದು ಇಪ್ಪತ್ತಾರು. ಆ ಅಮ್ಮನ ಕಾಫಿ ನಂಗೊತ್ತಿಲ್ವಾ?”

“ಹೌದು, ನೀವು ಹಾಕಿದ್ದು ಇಪ್ಪತ್ತಾರೇ,” ಎಂದಳು ಶೈಮಾ. ಯಾರು ಯಾವಾಗ ಏನು ಬದಲಿಸಿದರು ಎಂಬುದು ಸಾಫ್ಟ್‌ವೇರಿನಲ್ಲಿ ಉಳಿದಿತ್ತು. “ಅದೇ ಸಂಜೆ ಯಾರ್ಡಿಂದ ಮೂರು ಅಂತ ಬದಲಾಗಿದೆ. ಭೂತಯ್ಯಣ್ಣನ ಲಾಗಿನ್.”

ಸುರೇಂದ್ರ ಕುರ್ಚಿಯಿಂದ ಅರ್ಧ ಎದ್ದ. “ಭೂತಯ್ಯನಾ? ಕರೀರಿ ಅವನನ್ನ.”

“ಬೇಡ ಸಾರ್. ನಾನೇ ಹೋಗ್ತೀನಿ.”

ಯಾರ್ಡಿನ ಮೇಸ್ತ್ರಿ ಭೂತಯ್ಯ ಒಂದೇ ಬೆರಳಲ್ಲಿ ಟೈಪು ಮಾಡುವವನು. ಸಂಕ್ರಾಂತಿಯ ಹೊತ್ತಿಗೆ ಪರದೆ ಕನ್ನಡಕ್ಕೆ ಬದಲಾದಾಗ ಇಡೀ ಯಾರ್ಡಿನಲ್ಲಿ ಅವನಷ್ಟು ಖುಷಿಪಟ್ಟವರಿಲ್ಲ. ಶೈಮಾಳಿಗೆ ಸ್ಟೂಲ್ ಒರೆಸಿಕೊಟ್ಟು, ಪರೀಕ್ಷೆಗೆ ಕೂತವನಂತೆ ನೆಟ್ಟಗಾದ.

“ಏನಿಲ್ಲ ಭೂತಯ್ಯಣ್ಣ. ನಿನ್ನೆಯ ಯಾವ್ದಾದ್ರೂ ಲಾಟ್ ಹಾಕಿ, ನೋಡಣ.”

ಅವನು ಗೋಣಿಬೀಡಿನ ಲಾರಿಯೊಂದನ್ನು ತೆರೆದ. ಅದು ದಾರಿಯಲ್ಲಿ ಪಂಚರಾಗಿ, ಸಂಜೆ ಕೆಲಸ ಮುಗಿಯುವ ಸೈರನ್ ಕೂಗಿದ ಮೇಲೆ ಬಂದಿತ್ತು. ಮೂಟೆ, ತೂಕ ಎಲ್ಲ ಸರಿಯಾಗಿಯೇ ಹಾಕಿದ. ಆಮೇಲೆ ಒಂದು ಚೌಕದೊಳಗಿದ್ದ ಇಪ್ಪತ್ತೈದನ್ನು ನಿಧಾನಕ್ಕೆ ಅಳಿಸಿ ಎರಡು ಎಂದು ಒತ್ತಿದ.

“ಎರಡು ಯಾಕೆ?”

“ಹುಡುಗ್ರು ಎರಡು ಗಂಟೆ ಜಾಸ್ತಿ ನಿಂತು ಇಳ್ಸಿದ್ರಲ್ಲ ಮೇಡಂ. ಇಲ್ಲೇ ಬರ್ದಿದೆಯಲ್ಲ, ‘ಹೆಚ್ಚುವರಿ ದುಡಿಮೆ’ ಅಂತ. ಅವ್ರ ಓಟಿ ತಪ್ಪಬಾರ್ದು ಅಂತ ನಾನು ಮರೀದೆ ಹಾಕ್ತೀನಿ. ಇಪ್ಪತ್ತೈದು, ಇಪ್ಪತ್ತಾರು ಅಂತ ಯಾರೋ ತಲೆಕೆಟ್ಟೋರು ಮೊದ್ಲೇ ತುಂಬಿರ್ತಾರೆ. ಒಂದು ದಿನಕ್ಕೆ ಅಷ್ಟು ಗಂಟೆ ಎಲ್ಲಿಂದ ಬರತ್ತೆ ಹೇಳಿ?”

ಶೈಮಾಳಿಗೆ ನಗು ಬಂತು. ಬಂದ ಹಾಗೆಯೇ ಹೋಯಿತು. ಇಂಗ್ಲಿಷ್ ಪರದೆಯಲ್ಲಿ ಆ ಚೌಕದ ಮೇಲೆ ಓಟಿ ಎಂಬ ಎರಡಕ್ಷರವಷ್ಟೇ ಇತ್ತು. ಕನ್ನಡ ಮಾಡಿಕೊಟ್ಟ ಬೆಂಗಳೂರಿನವರು ಕಾಫಿಯನ್ನು ಲೋಟದಲ್ಲಿ ಮಾತ್ರ ಕಂಡವರು. ಓಟಿ ಅಂದರೆ ಓವರ್‌ಟೈಮ್ ಎಂದುಕೊಂಡು ಹಾಗೇ ಬರೆದಿದ್ದರು. ಆ ಪದಗಳ ಕಡತವನ್ನು ಓದಿ ನೋಡದೆ ಇಡಿಯಾಗಿ ಒಳಗೆ ಸುರಿದವಳು ಶೈಮಾ. ಹೊತ್ತಿಗೆ ಸರಿಯಾಗಿ ಬಂದ ಲಾಟುಗಳಿಗೆ ಹೆಚ್ಚುವರಿ ದುಡಿಮೆ ಇರುವುದಿಲ್ಲ, ಭೂತಯ್ಯ ಆ ಚೌಕ ಮುಟ್ಟುವುದಿಲ್ಲ, ಪ್ರಸನ್ನಕುಮಾರನ ಸಂಖ್ಯೆ ಉಳಿದುಕೊಳ್ಳುತ್ತದೆ. ಅತ್ತಿಗುಂಡಿಯ ಪಿಕಪ್ ಮಾತ್ರ ಗಿರಿ ನೋಡಲು ಬಂದ ಪ್ರವಾಸಿಗರ ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡು ಪ್ರತಿ ಸಲವೂ ತಡವಾಗಿಯೇ ಬರುತ್ತಿತ್ತು.

ಅವಳು ಆ ಎರಡನ್ನು ಉಳಿಸಲು ಬಿಡದೆ ವಿಷಯ ಹೇಳಿದಾಗ ಭೂತಯ್ಯನ ಬೆರಳು ಕೀಲಿಮಣೆಯ ಮೇಲೆ ನಿಂತುಬಿಟ್ಟಿತು.

“ಹಂಗಾರೆ ಆ ಅಮ್ಮನ ಹೆಸ್ರು ಕೆಡ್ಸಿದ್ದು ನಾನಾ?”

“ಆ ಮಾತು ಅಲ್ಲಿ ತಂದು ಹಾಕಿದ್ದು ನಾನು ಭೂತಯ್ಯಣ್ಣ. ನೀವು ಓದಿದ್ರಿ ಅಷ್ಟೇ.”

ಅವನಿಗೆ ಅದರಿಂದ ಸಮಾಧಾನವಾಗಲಿಲ್ಲ. ಅವಳಿಗೂ ಆಗಲಿಲ್ಲ.

ಮೊದಲ ಕೆಲಸ ಸಲೀಸಾಗಿ ಮುಗಿಯಿತು. ಪದಗಳನ್ನು ಬದಲಿಸಲೆಂದೇ ಇರುವ ಪುಟಕ್ಕೆ ಹೋಗಿ ‘ಹೆಚ್ಚುವರಿ ದುಡಿಮೆ’ಯನ್ನು ‘ಔಟ್‌ಟರ್ನ್’ ಮಾಡಿದಳು. ಯಾರ್ಡಿನವರಿಗೆ ಆ ಚೌಕ ಕಾಣುವಂತೆ, ಆದರೆ ಬದಲಿಸಲು ಬಾರದಂತೆ ನಿಯಮ ಹಾಕಿದಳು. ಉಳಿದದ್ದು ರಹೀಮುನ್ನೀಸಾಳ ಹಳೆಯ ಮೂರು ಲಾಟು. ಅಲ್ಲಿ ತಪ್ಪು ಸಂಖ್ಯೆಯನ್ನು ಅಳಿಸಲು ಬರುವುದಿಲ್ಲ. ಅದರ ಕೆಳಗೆ ತಿದ್ದುಪಡಿ ಬರೆಯಬೇಕು, ಕಾರಣ ಕೊಡಬೇಕು, ಪ್ರಸನ್ನಕುಮಾರ್ ಮತ್ತು ಸುರೇಂದ್ರ ಇಬ್ಬರೂ ಒಪ್ಪಬೇಕು.

ಕಾರಣದ ಜಾಗಕ್ಕೆ ಬಂದಾಗ ಸುರೇಂದ್ರ ಬಗ್ಗಿ ನೋಡಿದ. ಅಲ್ಲಿ ಆರಿಸಿಕೊಳ್ಳಲು ‘ವಿಶೇಷ ರಿಯಾಯಿತಿ’ ಇತ್ತು, ‘ಕಾರ್ಖಾನೆಯ ತಪ್ಪು’ ಇತ್ತು.

“ರಿಯಾಯಿತಿ ಅಂತ ಹಾಕಿ. ಅದಕ್ಕೆ ಯಾರ ಒಪ್ಪಿಗೆನೂ ಬೇಡ, ಗೇಟ್ ಈಗ್ಲೇ ತೆಗೆಯತ್ತೆ.”

“ಹಾಗೆ ಮಾಡಿದ್ರೆ ತಡೆ ಹೋಗತ್ತೆ ಸಾರ್, ಮೂರು ಮೂರಾಗೇ ಇರತ್ತೆ. ತಪ್ಪು ಅವರದೇ, ನಾವು ಕ್ಷಮಿಸಿದೀವಿ ಅಂತಾಗತ್ತೆ.”

“ಕಾರ್ಖಾನೆಯ ತಪ್ಪು ಅಂತ ಹಾಕಿದ್ರೆ ಮಾಲೀಕರಿಗೆ ಮೇಲ್ ಹೋಗತ್ತೆ. ಸೀಸನ್ ನಡುವೆ ನಂಗ್ಯಾಕೆ ಅದು? ಆ ಅಮ್ಮಂಗೆ ಬೇಕಾಗಿರೋದು ಒಳಗೆ ಬರೋದು ತಾನೇ?”

“ಕೇಳ್ಕೊಂಡು ಬರ್ತೀನಿ,” ಎಂದು ಶೈಮಾ ಎದ್ದಳು. ರಹೀಮುನ್ನೀಸಾಳನ್ನೇ ಕೇಳಬಹುದು ಎಂಬುದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.

ರಹೀಮುನ್ನೀಸಾ ಪಿಕಪ್ಪಿನ ನೆರಳಲ್ಲಿ, ಮಡಚಿದ ಕೊಡೆ ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದಳು. ಶೈಮಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದಳು. ಓಟಿಯ ಕಥೆ ಕೇಳಿ ಇಜಾಜ್ ಹಣೆ ಚಚ್ಚಿಕೊಂಡ.

“ರಿಯಾಯಿತಿ ಅಂದ್ರೆ ಈಗ್ಲೇ ಒಳಗೆ ಹೋಗ್ಬಹುದು ಖಾಲಾ. ಇನ್ನೊಂದು ದಾರಿ ಹಿಡಿದ್ರೆ ಮ್ಯಾನೇಜರ್ ಒಪ್ಪಬೇಕು. ಇವತ್ತೇ ಒಪ್ತಾರೆ ಅಂತ ನಾನು ಹೇಳಕ್ಕಾಗಲ್ಲ.”

“ಒಪ್ಕೊಂಬಿಡಿ ಚಾಚಿ,” ಎಂದ ಇಜಾಜ್. “ಮೋಡ ನೋಡಿ. ಒಂದ್ಸಲ ನೆನೆದ್ರೆ ಇಡೀ ಲೋಡ್ ಬೂಷ್ಟು ಹಿಡಿಯತ್ತೆ.”

ಅವಳು ಮೋಡ ನೋಡಿದಳು. ಆ ಚೆರಿಯನ್ನು ಕಣದಲ್ಲಿ ದಿನವೂ ಕಾಲಲ್ಲಿ ಹೊರಳಿಸಿ ಒಣಗಿಸಿದವಳು ಅವಳೇ. ಅದು ನೆನೆದರೆ ಎಂಥ ಹೊಟ್ಟೆಯುರಿ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಆ ಮೂರನ್ನ ಅಳಿಸಿಬಿಡಕ್ಕೆ ಆಗಲ್ವಾ ಬೇಟಿ?”

“ಅಳಿಸಿದ್ರೆ ಏನೂ ನಡೀಲೇ ಇಲ್ಲ ಅನ್ನೋ ಹಾಗಾಗತ್ತೆ. ಅದು ಹಾಗೇ ಇರತ್ತೆ. ಕೆಳಗೆ ಇಪ್ಪತ್ತಾರು, ತಪ್ಪು ಯಾರದು ಅಂತಾನೂ ಇರತ್ತೆ.”

ರಹೀಮುನ್ನೀಸಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. “ನಂಗೆ ರಿಯಾಯಿತಿ ಬೇಡ. ಇದ್ದಿದ್ದು ಬರೀಲಿ. ಅಲ್ಲಿ ತನಕ ಕೂತಿರ್ತೀನಿ.”

ಶೈಮಾ ವಾಪಸು ಬಂದಾಗ ಪ್ರಸನ್ನಕುಮಾರ್ ತನ್ನ ಒಪ್ಪಿಗೆ ಹಾಕಿ ಆಗಿತ್ತು. ಸುರೇಂದ್ರ, “ಹಠ ಮಾರಾಯ್ರೇ,” ಎಂದು ಗೊಣಗಿ ಬೇರೆ ಕೆಲಸ ಮಾಡುವವನಂತೆ ಫೋನ್ ತೆಗೆದ. ಅವನು ಕೆಟ್ಟವನಲ್ಲ, ತನ್ನ ಕಾಲದಲ್ಲಿ ತಪ್ಪು ಎಂಬ ಮಾತು ಮೇಲೆ ಹೋಗಬಾರದು ಎಂದು ಜೋಪಾನ ಮಾಡಿಕೊಂಡು ಬಂದವನು. ಶೆಡ್ಡಿನ ಶೀಟಿನ ಮೇಲೆ ಟಪ್ ಟಪ್ ಎಂದು ದಪ್ಪ ಹನಿ ಬಿದ್ದವು. ಇಬ್ಬರೂ ಕಿಟಕಿಯ ಕಡೆ ನೋಡಿದರು.

ಭೂತಯ್ಯ ಯಾರಿಗೂ ಹೇಳದೆ ಯಾರ್ಡ್ ಬಿಟ್ಟು ಹೊರಗೆ ಹೋಗಿದ್ದ. ಕಾರ್ಖಾನೆಯದೇ ದೊಡ್ಡ ಟಾರ್ಪಾಲನ್ನು ಹೊತ್ತುಕೊಂಡು ಹೋಗಿ, ಪಿಕಪ್ಪಿನ ಮೂಟೆಗಳ ಮೇಲೆ ಹತ್ತಿ, ಬೋರಲು ಮಲಗಿ ಕೈಕಾಲು ಚಾಚಿ ಅದನ್ನು ಎಳೆಯುತ್ತಿದ್ದ. ಒಂದು ಮೂಲೆ ಎಳೆದರೆ ಗಾಳಿಗೆ ಇನ್ನೊಂದು ಮೂಲೆ ಏಳುತ್ತಿತ್ತು. ಕೆಳಗಿನಿಂದ ಇಜಾಜ್ ಹಗ್ಗ ಎಸೆಯುತ್ತಿದ್ದ.

ಸುರೇಂದ್ರ ಫೋನ್ ಕೆಳಗಿಟ್ಟ.

“ಮಾಲೀಕರಿಗೆ ಹೋಗೋ ಮೇಲಲ್ಲಿ ಎಂತ ಇರತ್ತೆ?”

“ಕಾರ್ಖಾನೆಯ ತಪ್ಪು ಅಂತ ಇರತ್ತೆ. ಚೌಕದ ಕನ್ನಡ ಹೆಸರು ತಪ್ಪಾಗಿತ್ತು, ಅದನ್ನ ಹಾಕಿದ್ದು ನಾನು ಅಂತ ಕೆಳಗೆ ಬರ್ದಿದೀನಿ.”

“ನಿಮ್ ಕಂಪನಿಯವ್ರು ಸುಮ್ನೆ ಬಿಡ್ತಾರಾ?”

“ಗೊತ್ತಿಲ್ಲ ಸಾರ್.”

ಅವನು ಮೌಸ್ ತನ್ನ ಕಡೆ ಎಳೆದುಕೊಂಡು ಒಪ್ಪಿಗೆ ಒತ್ತಿದ. ಟೀ ಯಾವಾಗಲೋ ಬಂದು ಆರಿಹೋಗಿತ್ತು. ಅದನ್ನೇ ಎತ್ತಿ ಕುಡಿದ.

ಗೇಟಿನ ಕಂಪ್ಯೂಟರಿನಲ್ಲಿ ಹಸಿರು ಬಂತು. ರೇವಣ್ಣ ಎದ್ದುಬಿದ್ದು ಗೇಟು ತೆಗೆದ. ಪಿಕಪ್ ಟಾರ್ಪಾಲಿನ ಸಮೇತ, ಮೇಲೆ ಮಲಗಿದ್ದ ಭೂತಯ್ಯನ ಸಮೇತ ಶೆಡ್ಡಿನ ಅಡಿಗೆ ಹೋಗಿ ನಿಂತಿತು. ಭೂತಯ್ಯ ಇಳಿದವನೇ ಮೂಟೆಗಳಿಗೆ ಒಂದೊಂದಾಗಿ ಕೈಯಿಟ್ಟು ನೋಡಿ, ಗೇಟಿನ ಕಡೆ ತಿರುಗಿ, “ನೆಂದಿಲ್ಲ! ಒಂದೂ ನೆಂದಿಲ್ಲ!” ಎಂದು ಕೂಗಿದ. ಶೈಮಾ ಕೋಣೆಯಿಂದ ಇಳಿದು ಗೇಟಿನ ಹತ್ತಿರ ಬಂದಳು.

ರಹೀಮುನ್ನೀಸಾ ಇನ್ನೂ ಗೇಟಿನ ಹೊರಗೇ ಇದ್ದಳು. ಕಪ್ಪು ಹಲಗೆಯ ಮುಂದೆ ನಿಂತಿದ್ದಳು.

“ಬನ್ನಿ ಅಮ್ಮ, ಒಳಗೆ ಬನ್ನಿ. ಮಳೆ,” ಎಂದ ರೇವಣ್ಣ. ಅವಳು ಕದಲದ್ದು ನೋಡಿ ಅವನಿಗೆ ಅರ್ಥವಾಯಿತು. ನಾಚಿಕೆಯೂ ಆಯಿತು. “ಅದಾ? ಒರೆಸಿಬಿಡ್ತೀನಿ, ತಡೀರಿ,” ಎಂದು ಹೆಗಲ ಮೇಲಿನ ಟವೆಲ್ ಎಳೆದುಕೊಂಡ.

“ಒರೆಸ್ಬೇಡ.”

“ಮತ್ತೆ?”

“ಅದರ ಕೆಳಗೆ ಬರಿ. ಆ ಕಂಪ್ಯೂಟರಲ್ಲಿ ಎಂತ ಬರ್ದಿದಾರೋ ಅದನ್ನೇ.”

ರೇವಣ್ಣ ಶೈಮಾಳ ಕಡೆ ನೋಡಿದ. ಅವಳ ಸಾಫ್ಟ್‌ವೇರಿನಲ್ಲಿ ಹಲಗೆಗೆ ಯಾವ ನಿಯಮವೂ ಇರಲಿಲ್ಲ. ಅವಳು ಬರೀರಿ ಎಂಬಂತೆ ತಲೆಯಾಡಿಸಿದಳು. ರೇವಣ್ಣ ಒಳಗಿನಿಂದ ಸೀಮೆಸುಣ್ಣದ ತುಂಡು ತಂದು, ರಹೀಮುನ್ನೀಸಾಳ ಹೆಸರಿನ ಕೆಳಗೆ ‘ಕಾ’ ಎಂದು ಬರೆದ. ಒಂದು ಹನಿ ಬಿದ್ದು ಅದರ ದೀರ್ಘ ಕರಗಿತು. ಅವನು ಮತ್ತೆ ತಿದ್ದಿದ.

ರಹೀಮುನ್ನೀಸಾ ಕೊಡೆ ಬಿಚ್ಚಿ ಹಲಗೆಯ ಮೇಲೆ ಹಿಡಿದಳು. ಮಳೆ ಜೋರಾಯಿತು. ಸೆರಗು ತೊಯ್ದು ಅವಳ ತಲೆಗೆ ಅಂಟಿಕೊಂಡಿತು, ಹುಬ್ಬಿನಿಂದ ನೀರು ಇಳಿಯಿತು. ‘ತಪ್ಪು’ ಎಂಬುದರ ಒತ್ತಕ್ಷರ ಸರಿಯಾಗಿ ಕಾಣುವಂತೆ ರೇವಣ್ಣ ಅದನ್ನು ಎರಡು ಸಲ ಒತ್ತಿ ಬರೆಯುವ ತನಕ ಅವಳು ಕೊಡೆಯನ್ನು ಅಲುಗಿಸಲಿಲ್ಲ.