ಮಬ್ಬು ತಿರುಗಿದ ವಿಸ್ಕಿ

ನಮ್ಮ ಯಜಮಾನರ ನಾಲಿಗೆಗೆ ಕೋಲಾರದಿಂದ ಮುಳಬಾಗಿಲಿನವರೆಗೆ ಬೆಲೆಯಿತ್ತು. ಹೆಂಡತಿಯ ಹತ್ತಿರ ಎರಡು ಒಳ್ಳೆಯ ಮಾತಾಡದ ನಾಲಿಗೆ, ಸಾರಾಯಿ ವಿಷಯಕ್ಕೆ ಬಂದರೆ ಬ್ರಹ್ಮವಾಕ್ಯ. ಕಂಟ್ರಾಕ್ಟರ್ ಸುಬ್ಬರಾಯಪ್ಪನ ಅಂಗಡಿಗಳಿಗೆ ಹೋಗುವ ಸಾರಾಯಿಯನ್ನು ಮೊದಲು ಇವರು ಬಾಯಿಗೆ ಹಾಕಿ ಉಗುಳಬೇಕು. ಎಂದೂ ನುಂಗಿದವರಲ್ಲ. ನುಂಗಿದವನಿಗೆ ಎರಡನೇ ಪೀಪಾಯಿಯ ರುಚಿ ತಿಳಿಯುವುದಿಲ್ಲ ಎನ್ನುತ್ತಿದ್ದರು. ನೋಡಿದ ಸರಕಿನಲ್ಲಿ ಒಂದು ಸಣ್ಣ ಸೀಸೆಯಷ್ಟು ಮನೆಗೆ ತಂದಿಡುವುದು ಆ ಕಸುಬಿನ ರೂಢಿ, ನಾಳೆ ತಕರಾರು ಬಂದರೆ ಇರಲಿ ಎಂದು. ನಮ್ಮ ಅಟ್ಟದಲ್ಲಿ ಉಪ್ಪಿನಕಾಯಿ ಜಾಡಿಗಿಂತ ಆ ಸೀಸೆಗಳೇ ಹೆಚ್ಚಿದ್ದವು.

ಯುದ್ಧದ ಕಾಲ. ವಕ್ಕಲೇರಿ ಕಡೆಯ ಒಂದು ಹಳ್ಳಿಯಲ್ಲಿ ಸಾರಾಯಿ ಕುಡಿದ ಕೆಲವರು ಕಣ್ಣು ಕಳೆದುಕೊಂಡು ಸತ್ತಿದ್ದರು. ಅದು ನಮ್ಮವರಿಗೆ ತೋರಿಸದೆ ಸುಬ್ಬರಾಯಪ್ಪ ಕಳಿಸಿದ ಪೀಪಾಯಿ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಅನ್ನ ಅವನದು, ಬಾಯಿ ಬಿಡಲಿಲ್ಲ. ಪೊಲೀಸರು ಮಾತ್ರ ಯಾರನ್ನಾದರೂ ಹಿಡಿಯಲೇಬೇಕಿತ್ತು.

ಆಗಲೇ ಪಕ್ಕದ ಬೀದಿಯ ಅಜ್ಮತುಲ್ಲಾ ಒಂದು ವಿಸ್ಕಿ ಬಾಟಲಿ ತಂದದ್ದು. ಚಿನ್ನದ ಗಣಿಯ ದೊರೆಯೊಬ್ಬನ ಬಂಗಲೆಯಲ್ಲಿ ಬಟ್ಲರ್ ಆಗಿದ್ದವನು. ವರ್ಷಗಟ್ಟಲೆ ವಿಸ್ಕಿ ಬಡಿಸಿಯೂ ಒಂದು ಹನಿ ಬಾಯಿಗಿಟ್ಟವನಲ್ಲ. ಕೈಗೆ ತಾಗಿದರೆ ತೊಳೆದುಕೊಂಡೇ ನಮಾಜಿಗೆ ನಿಲ್ಲುತ್ತಿದ್ದ. ದೊರೆ ಯುದ್ಧಕ್ಕೆ ಹೋಗುವಾಗ ಆ ಬಾಟಲಿಯನ್ನು ಇವನ ಕೈಗೆ ಕೊಟ್ಟುಹೋಗಿದ್ದ. ಕೆಲಸ ಹೋಗಿತ್ತು. ಬಾಟಲಿಗೆ ಬದಲಾಗಿ ಸುಬ್ಬರಾಯಪ್ಪ ಒಂದು ಜಟಕಾ ಕುದುರೆ ಕೊಟ್ಟರೆ ಹೆಂಡತಿ ಅಸ್ಗರಿಯನ್ನು ಸಾಕಿಕೊಳ್ಳಬಹುದು ಎಂಬುದು ಅವನ ಆಸೆ.

ಅಂದು ನಾನು ಕಂಟ್ರಾಕ್ಟರನ ಮನೆಯಲ್ಲಿ ರಾಗಿ ಕೇರುತ್ತಿದ್ದೆ. ಎಲ್ಲವೂ ನನ್ನ ಕಣ್ಣೆದುರಿಗೇ ನಡೆಯಿತು.

"ಇದೇನಯ್ಯ, ಕಂಪನಿ ಚೀಟಿನೇ ಇಲ್ಲ?" ಎಂದ ಸುಬ್ಬರಾಯಪ್ಪ. ಬಾಟಲಿಯ ಮೇಲೆ ಕೈಬರಹದ ಒಂದು ಚೀಟಿಯಿತ್ತು, ಅಷ್ಟೆ.

"ಕಂಪನಿದಲ್ಲ ಸ್ವಾಮಿ. ಅವರ ದೇಶದಾಗೆ ಒಬ್ಬ ವರ್ತಕ ಒಂದೇ ಒಂದು ಪೀಪಾಯಿ ಕೊಂಡ್ಕೊಂಡು ತಾನೇ ತುಂಬಿಸಿದ್ದಂತೆ. ಬಣ್ಣ ಹಾಕಿಲ್ಲ, ನೀರು ಬೆರೆಸಿಲ್ಲ. ಇಂಥದ್ದು ಇನ್ನೊಂದು ಸಿಗಲ್ಲ ಅಂತ ದೊರೆ ಹೇಳ್ತಿದ್ರು."

"ಆವಲಪ್ಪ, ನೋಡು. ಕುದುರೆ ಬೆಲೆ ಬಾಳ್ತದಾ ಇದು?" ಎಂದು ಸುಬ್ಬರಾಯಪ್ಪ ನಮ್ಮವರ ಕಡೆ ತಿರುಗಿದ.

ನಮ್ಮವರು ಬಟ್ಟಲಿಗೆ ಬಗ್ಗಿಸಿ ಬೆಳಕಿಗೆ ಹಿಡಿದರು. ಒಣಹುಲ್ಲಿನ ಬಣ್ಣ. ಇವರು ಕಂಡಿದ್ದ ವಿಸ್ಕಿಯೆಲ್ಲ ಬೆಲ್ಲದ ಪಾಕದ ಬಣ್ಣದ್ದು. ಮೂಸಿದರು. ಹೊಗೆ, ಜೊತೆಗೆ ಆಸ್ಪತ್ರೆಯ ಟಿಂಚರಿನ ವಾಸನೆ. ಬಾಯಿಗೆ ಹಾಕಿಕೊಂಡು ಮುಖ ಕಿವುಚಿ ಉಗುಳಿದರು. ಕೊನೆಗೆ ಬಾವಿಯ ತಣ್ಣೀರು ಹನಿಸಿದರು. ವಿಸ್ಕಿ ಗಂಜಿಯ ತಿಳಿಯಂತೆ ಮಬ್ಬು ತಿರುಗಿತು.

ನೀರು ಬಿದ್ದು ಮಬ್ಬಾದರೆ ಕಲಬೆರಕೆ. ಇದು ಇವರ ಅಪ್ಪ ಕಲಿಸಿದ ಪಾಠ, ಸಾರಾಯಿಗೆ ಕಲಿಸಿದ್ದು. ಆ ಸೀಮೆಯ ಸರಕಿಗೂ ಅದೇ ಲೆಕ್ಕವೇ ಎಂದು ಈ ಮಹಾನುಭಾವರು ಒಂದು ಗಳಿಗೆ ಯೋಚಿಸಬಾರದಿತ್ತೇ?

"ಬೆರಕೆ. ಕುಡಿದ್ರೆ ಆಗಲ್ಲ," ಎಂದರು.

ಸುಬ್ಬರಾಯಪ್ಪನ ಮುಖ ಅರಳಿದ್ದನ್ನು ನಾನು ನೋಡಿದೆ. "ಹಾಗಾದ್ರೆ ವಕ್ಕಲೇರಿಗೆ ವಿಷ ಹಂಚಿದೋನು ನೀನೇನಾ ಸಾಬಿ? ಅಲ್ಲ ಅನ್ನೋದಾದ್ರೆ ಇಲ್ಲೇ ಒಂದು ಲೋಟ ಕುಡಿದು ತೋರಿಸು."

ಅಜ್ಮತುಲ್ಲಾ ಲೋಟವನ್ನೇ ನೋಡಿದ. ಆಮೇಲೆ ನಮ್ಮವರನ್ನು ನೋಡಿದ. "ಹರಾಮ್ ಅದು. ನಾನು ಕುಡಿಯಲ್ಲ. ಅಣ್ಣ, ನೀವಾದ್ರೂ ಇನ್ನೊಂದ್ಸಲ ನೋಡಿ."

ನಮ್ಮವರು ಇನ್ನೊಂದು ಸಲ ನೋಡಲಿಲ್ಲ. ಒಮ್ಮೆ ಆಡಿದ್ದನ್ನು ತಿರುಗಿಸಿದರೆ ನಾಲಿಗೆಯ ಬೆಲೆ ಹೋಗುತ್ತದಲ್ಲ! ಕುಡಿಯದಿದ್ದದ್ದೇ ಸಾಕ್ಷಿಯಾಯಿತು. ಪೊಲೀಸರು ಅವನನ್ನೂ ಬಾಟಲಿಯನ್ನೂ ಒಯ್ದರು. ನಮ್ಮವರು ಎಂದಿನಂತೆ ಆ ವಿಸ್ಕಿಯನ್ನೂ ಒಂದು ಸಣ್ಣ ಸೀಸೆಯಷ್ಟು ಮನೆಗೆ ತಂದರು. ಆ ವಾರವೇ ಅಜ್ಮತುಲ್ಲಾನ ಹೆಣ ಬಂತು. ಜ್ವರ ಎಂದರು. ಬೆನ್ನ ಮೇಲೆ ಬಾಸುಂಡೆ ಬರಿಸುವ ಜ್ವರವನ್ನು ನಾನಂತೂ ಕೇಳಿಲ್ಲ.

ಮಣ್ಣು ಮಾಡಿದ ಮೇಲೆ ಒಂದು ಮಧ್ಯಾಹ್ನ ಅಸ್ಗರಿ ನಮ್ಮ ಬಾಗಿಲಿಗೆ ಬಂದಳು. "ಅಕ್ಕ, ಬೀದೀಲಿ ಎಲ್ರೂ ಕೊಲೆಗಾರನ ಹೆಂಡ್ತಿ ಅಂತಾರೆ. ನಂಗೂ ಒಂದೊಂದ್ಸಲ ಅನುಮಾನ ಬರ್ತದೆ. ಅದು ವಿಷಾನಾ ಅಂತ ಅಣ್ಣನ್ನ ಕೇಳಿ."

ನಾನು ಅಟ್ಟ ಹತ್ತಿ ಸೀಸೆ ತಂದು ಗಂಡನ ಮುಂದಿಟ್ಟೆ. "ಅವನು ಕುಡಿಯೋ ಹಾಗಿರಲಿಲ್ಲ. ನಿಮಗೇನು ದಾಡಿ?"

ಅವರು ಲೋಟಕ್ಕೆ ಬಗ್ಗಿಸಿ ಪೂರ್ತಿ ಕುಡಿದರು. ಉಗುಳಲಿಲ್ಲ. ಗೋಡೆಗೆ ಒರಗಿ ಕೂತರು.

ಅಸ್ಗರಿ ಹೊಸ್ತಿಲ ಹೊರಗೆ ಕೂತು ಅವರನ್ನೇ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಆಡಿದ ಮಾತು ನಿಜವಾಗುವಂತೆ ಅವರಿಗೆ ಏನಾದರೂ ಆಗಲಿ ಎಂದು ನನ್ನ ಮನಸ್ಸು ಬೇಡಿಕೊಂಡಿತು; ತಾಳಿ ಕಟ್ಟಿಸಿಕೊಂಡವಳು ಹೇಳಬಾರದ ಮಾತು, ಆದರೂ ಹೇಳುತ್ತೇನೆ. ಬಿಸಿಲು ಇಳಿಯಿತು. ಮೇಯಲು ಹೋಗಿದ್ದ ದನ ಮನೆಗೆ ಬಂದವು. ಅವರು ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದರು. ನಡಿಗೆ ನೆಟ್ಟಗಿತ್ತು, ಕಣ್ಣು ತಿಳಿಯಾಗಿತ್ತು.

ನಾನು ದೀಪ ಹಚ್ಚಿದೆ. ಅಸ್ಗರಿ ಸೆರಗು ಸರಿಮಾಡಿಕೊಂಡು ಎದ್ದಳು.

"ಚೆನ್ನಾಗೇ ಇದೀರಲ್ಲ ಅಣ್ಣ," ಎಂದು ಹೊರಟಳು.