ಬೀರು ಸೇರಿದ ಕತ್ತರಿ

ಆ ಬೀದಿಯ ದರ್ಜಿಯಂಥ ದರ್ಜಿ ಭೂಮಿಯ ಮೇಲೆ ಇನ್ನೊಬ್ಬನಿರಲಿಲ್ಲ. ಅವನು ಹೊಲಿದ ಕೋಟು ತೊಟ್ಟು ಗಿರಾಕಿ ಮನೆಗೆ ಹೋದರೆ ಸ್ವಂತ ಹೆಂಡತಿಯೇ ಎದ್ದು ನಿಂತು ಕುರ್ಚಿ ಕೊಡುತ್ತಿದ್ದಳು. ಅಂಥವನಿಗೆ ಮನಸ್ಸಿನ ಕಾಯಿಲೆ ಬಂತು. ಆಸ್ಪತ್ರೆ, ಮಾತ್ರೆ, ಆರೈಕೆ ಎಲ್ಲ ಆಗಿ ಚೇತರಿಸಿಕೊಂಡು ಮನೆಗೂ ಬಂದ. "ಇನ್ನು ಕೆಲಸ ಶುರು ಮಾಡಲಿ, ಒಳ್ಳೆಯದೇ" ಎಂದು ಡಾಕ್ಟರು ಹೇಳಿದರು.

ಡಾಕ್ಟರು ಹೇಳಿದರೆ ಸಾಕೇ? ಅವನ ಅಕ್ಕ ಒಪ್ಪಬೇಕಲ್ಲ!

ಏನು ಅನಾಹುತವಾದೀತೋ ಎಂದು ಹೆದರಿದ ಅಕ್ಕ ಅವನ ದೊಡ್ಡ ಕತ್ತರಿಯನ್ನು ಬೀರುವಿನಲ್ಲಿ ಕಂಬಳಿಗಳ ಅಡಿಗೆ ಸೇರಿಸಿ, ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಖಜಾನೆ ಕಾಯುವ ಸಿಪಾಯಿಯಾದರೂ ಒಮ್ಮೊಮ್ಮೆ ತೂಕಡಿಸುತ್ತಾನೆ, ಅವಳು ತೂಕಡಿಸಲಿಲ್ಲ. ಬಟ್ಟೆಯನ್ನು ಒಳಕೋಣೆಯಲ್ಲಿ ತನ್ನದೊಂದು ಸಣ್ಣ ಕತ್ತರಿಯಿಂದ ತಾನೇ ಕತ್ತರಿಸಿ ತಂದುಕೊಡುತ್ತಿದ್ದಳು. ತಮ್ಮ ಮುಂಗೋಣೆಯ ಅಂಗಡಿಯಲ್ಲಿ ಕೂತು ಮಾತಿಲ್ಲದೆ ಹೊಲಿಯುತ್ತಿದ್ದ. ಅವಳು ಕತ್ತರಿಸಿದ ಪ್ಯಾಂಟಿನ ಎಡಗಾಲು ಒಂದು ಊರಿಗೆ, ಬಲಗಾಲು ಇನ್ನೊಂದು ಊರಿಗೆ ಹೊರಟಂತಿರುತ್ತಿತ್ತು. ಅಂಚೆಯವನೊಬ್ಬ ಅದನ್ನು ತೊಟ್ಟು ಬೆಳಗಿನಿಂದ ಸಂಜೆತನಕ ಒಂದೇ ದೀಪದ ಕಂಬವನ್ನು ಸುತ್ತಿದನೆಂದು ಇಡೀ ಬೀದಿ ಆಣೆ ಮಾಡಿ ಹೇಳುತ್ತದೆ.

ಇದು ಸಾಲದೆಂಬಂತೆ ಅವಳದೊಂದು ಪ್ರಶ್ನೆ. ತಮ್ಮ ನಕ್ಕರೆ "ಮಾತ್ರೆ ತಗೊಂಡ್ಯಾ?" ಸಿಡುಕಿದರೆ "ಮಾತ್ರೆ ತಗೊಂಡ್ಯಾ?" ಸೀನಿದರೂ ಅದೇ.

"ತಗೊಂಡೆ. ಕತ್ತರಿ ಕೊಡಕ್ಕಾ."

"ಆಮೇಲೆ ನೋಡೋಣ ಬಿಡೋ."

"ಸರಿ ಅಕ್ಕ."

ಈಚೆಗೆ ಏನು ಹೇಳಿದರೂ ಅವನು 'ಸರಿ ಅಕ್ಕ' ಎನ್ನುತ್ತಿದ್ದ. ಕೇಳಿದಾಗೆಲ್ಲ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ತಮ್ಮ ಎಷ್ಟು ಶಾಂತನಾಗಿಬಿಟ್ಟ!

ಶುಕ್ರವಾರ ಸಂಜೆ ಮಾತ್ರ ಅವನು ಸೈಕಲ್ ಅಂಗಡಿಯ ಮಹಡಿಗೆ ಹೋಗುತ್ತಿದ್ದ. ಅಲ್ಲೊಂದು ಕೂಟ. ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ತಾವೇ ಕಟ್ಟಿ ತಾವೇ ನಡೆಸುವ ಕೂಟ. ಬಾಗಿಲು ತೆಗೆಯುವವರು, ಟೀ ಕಾಯಿಸುವವರು, ಬಾರದವರಿಗೆ ಫೋನ್ ಮಾಡಿ ವಿಚಾರಿಸುವವರು, ಎಲ್ಲ ಅವರೇ. 'ಈಜು ಬಾರದವರೆಲ್ಲ ಸೇರಿ ಒಬ್ಬರನ್ನೊಬ್ಬರು ದಡ ಸೇರಿಸ್ತಾರಂತೆ!' ಎಂದುಕೊಂಡ ಅಕ್ಕ, ಒಂದು ಶುಕ್ರವಾರ ಪತ್ತೇದಾರಿಣಿಯಂತೆ ಹಿಂದೆಯೇ ಹೋಗಿ ಮೆಟ್ಟಿಲ ಮೇಲೆ ನಿಂತಳು.

ಒಳಗಿನಿಂದ ತಮ್ಮನ ಕೂಗು ಸೂರು ಹಾರಿಸುವಂತಿತ್ತು. "ಇದು ಟೀನಾ, ಬಟ್ಟೆ ನೆನೆಸಿದ ನೀರಾ? ಪ್ರತಿ ವಾರ ಇದೇ ಗೋಳು!"

ಅಕ್ಕ ಬಾಗಿಲು ತಳ್ಳಿಕೊಂಡು ನುಗ್ಗಿದಳು. "ಅಯ್ಯೋ, ಮಾತ್ರೆ ತಗೊಂಡ್ಯೇನೋ?"

ಕೋಣೆಯಲ್ಲಿ ಎದ್ದ ನಗೆಗೆ ಕೆಳಗಿನ ಸೈಕಲ್ಲುಗಳ ಗಂಟೆಗಳೆಲ್ಲ ತಾವಾಗಿಯೇ ಬಾರಿಸಿಕೊಂಡವು.

"ಮಾತ್ರೆ ತಗೊಂಡವರಿಗೂ ಕೆಟ್ಟ ಟೀ ಕೆಟ್ಟದಾಗೇ ಇರುತ್ತಮ್ಮ" ಎಂದಳು ಕೂಟದ ಹಿರಿಯಳಾದ ಕಂಡಕ್ಟರಮ್ಮ. ಬಸ್ಸಿನ ಕೆಲಸ ಬಿಟ್ಟು ವರ್ಷಗಳಾದರೂ ಅವಳ ದನಿಗೆ ಮೂರು ಬೀದಿಯಾಚೆಯ ಜನ ಇಂದಿಗೂ ಒಳಗೆ ಸರಿದು ನಿಲ್ಲುತ್ತಾರೆ. "ಬನ್ನಿ, ಕೂತ್ಕೊಳ್ಳಿ."

"ನಿಮಗೂ...?"

"ನಂಗೂ ಬಂದಿತ್ತು, ಅದೇ ಕಾಯಿಲೆ. ನಾವು ಮುಳುಗಿ ಎದ್ದವರು. ಸುಳಿ ಎಲ್ಲಿದೆ ಅಂತ ನಮಗೆ ಗೊತ್ತು."

"ಹಾಗಾದ್ರೆ ಡಾಕ್ಟರು, ಮಾತ್ರೆ ಏನೂ ಬೇಡವಾ?"

"ಯಾಕೆ ಬೇಡ? ಡಾಕ್ಟರ ಕೆಲಸ ಡಾಕ್ಟರದು, ನಮ್ಮ ಕೆಲಸ ನಮ್ಮದು. ಮಾತ್ರೆ ಬಿಡು ಅಂತ ಯಾರಾದ್ರೂ ಹೇಳ್ಲಿ, ಮುಂದಿನ ಸ್ಟಾಪಲ್ಲೇ ಇಳಿಸ್ತೀನಿ!"

"ಇವನು ಮನೇಲಿ ಎಷ್ಟು ಶಾಂತವಾಗಿರ್ತಾನೆ ಗೊತ್ತಾ? ಇಲ್ಲಿ ನೋಡಿದ್ರೆ ಕೂಗಾಡ್ತಿದ್ದಾನೆ."

ಕಂಡಕ್ಟರಮ್ಮ ದರ್ಜಿಯ ಕಡೆ ತಿರುಗಿದಳು. "ಇಲ್ಲಿ ಆಡಿದ ಮಾತು ಹೊರಗೆ ಹಾಕೋದು ನಮ್ಮ ಪದ್ಧತಿ ಅಲ್ಲ. ಬೇಕಿದ್ರೆ ನೀನೇ ಹೇಳಪ್ಪ."

ದರ್ಜಿ ಲೋಟ ಕೆಳಗಿಟ್ಟ. "ಅಕ್ಕಾ, ನಂಗೆ ಹುಷಾರು ತಪ್ಪೋ ಮುಂಚೆ ನಾನು ಕೂಗಾಡಲ್ಲ, ಸುಮ್ಮನಾಗ್ತೀನಿ. ನಿದ್ದೆ ಕೆಡುತ್ತೆ. ಯಾರು ಏನಂದ್ರೂ 'ಸರಿ ಸರಿ' ಅಂತೀನಿ. ಹೋದ ಸಲ ಶುರುವಾಗಿದ್ದೂ ಹಾಗೇ. ಈಗ ಮನೇಲಿ ಮತ್ತೆ ಹಾಗೇ ಆಗ್ತಿತ್ತು. ಇವರು ಗುರುತು ಹಿಡಿದ್ರು. ಮೊನ್ನೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ, ಮುಗಿಯೋತನಕ ಜೊತೇಲಿ ಕೂತಿದ್ದು ಈ ಟೀ ಕಾಯಿಸೋ ಮಹಾಶಯರೇ. ಈಗ ಮತ್ತೆ ನಿದ್ದೆ ಬರ್ತಿದೆ."

ಯಾವ ಮಾತಿಗೆ ಅಕ್ಕ ಹಿಗ್ಗುತ್ತಿದ್ದಳೋ, ಅಪಾಯ ಕೂತಿದ್ದುದು ಅದೇ ಮಾತಿನಲ್ಲಿ.

"ನಂಗ್ಯಾಕೋ ಹೇಳ್ಲಿಲ್ಲ?"

"ಹೇಳೋಕೆ ಬಾಯಿ ತೆಗೆದ್ರೆ 'ಮಾತ್ರೆ ತಗೊಂಡ್ಯಾ' ಅಂತಿದ್ದೆಯಲ್ಲಕ್ಕಾ."

ಅವಳು ತಮ್ಮನ ಲೋಟವನ್ನೇ ಎತ್ತಿ ಒಂದು ಗುಟುಕು ಕುಡಿದಳು. ಮುಖ ಹುಳ್ಳಗಾಯಿತು. "ಥೂ! ಬಟ್ಟೆ ನೆನೆಸಿದ ನೀರೇ ವಾಸಿ ಕಣೋ!"

ಟೀ ಮಹಾಶಯ ಮೊದಲು ನಕ್ಕ.

ಮನೆಗೆ ಬಂದವಳೇ ಬೀರು ತೆರೆದು ಕತ್ತರಿ ತಂದು ತಮ್ಮನ ಕೈಗಿಟ್ಟಳು. ಅವನು ಅಲಗನ್ನು ದೀಪಕ್ಕೆ ಹಿಡಿದು ನೋಡಿದ. "ತುಕ್ಕು ಹಿಡಿಸಿದ್ದೀಯಲ್ಲಕ್ಕಾ! ಒಂದು ತೊಟ್ಟು ಎಣ್ಣೆ ಹಾಕೋಕಾಗಲಿಲ್ವಾ?" ಎಂದು ರೇಗಿದ. ಅವಳ ನಾಲಿಗೆಯ ತುದಿಗೆ 'ಮಾ...' ಬಂದೇಬಿಟ್ಟಿತ್ತು, ಬಂಡೆ ನುಂಗಿದಂತೆ ನುಂಗಿಕೊಂಡಳು.

"ಸ್ವಲ್ಪ ದಿನ ನಾನೇ ಕತ್ತರಿಸಿ ಕೊಡ್ಲೇನೋ?" ಎಂದು ಮೆಲ್ಲಗೆ ಕೇಳಿದಳು.

"ಆಗಲ್ಲ ಅಕ್ಕಾ! ಆ ಅಂಚೆಯವನು ಪಾಪ, ಇನ್ನೂ ಕಂಬ ಸುತ್ತುತ್ತಿದ್ದಾನೆ."

'ಆಗಲ್ಲ' ಎಂಬ ಮಾತು ಇಷ್ಟು ಸಿಹಿಯಾಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಇನ್ನೊಮ್ಮೆ ಕೇಳಬೇಕೆನಿಸಿ, ಸುಮ್ಮಸುಮ್ಮನೆ "ಕೀಲಿ ಇಟ್ಕೊಳ್ಲಾ?" ಎಂದಳು.

"ಆಗಲ್ಲ!"

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಬೀರುವಿನಲ್ಲೂ ಯಾರದಾದರೂ ಕತ್ತರಿ ಮಲಗಿದೆಯೇ? ಚೇತರಿಸಿಕೊಳ್ಳುತ್ತಿರುವವರ ಕೆಲಸವನ್ನು ಡಾಕ್ಟರೊಡನೆ ಮಾತಾಡಿ ಅವರಿಗೇ ಮರಳಿಸಿ. 'ಹುಷಾರು ತಪ್ಪುವ ಮೊದಲು ನಿನಗೆ ಏನಾಗುತ್ತದೆ?' ಎಂದು ಅವರನ್ನೇ ಕೇಳಿ, ಬಾಯಿ ಮುಚ್ಚಿಕೊಂಡು ಪೂರ್ತಿ ಕೇಳಿಸಿಕೊಳ್ಳಿ. ಮಾತ್ರೆ ನಡೆಯಲಿ, ಜೊತೆಗೆ ಸ್ನೇಹವೂ ಇರಲಿ. ಇಂಥ ಕೂಟ ಹತ್ತಿರದಲ್ಲಿದೆಯೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಇಲ್ಲವಾದರೆ ನಾಲ್ಕು ಜನ ಸೇರಿ ನೀವೇ ಶುರು ಮಾಡಿ. ಒಂದು ಕೋಣೆ, ಒಂದು ಒಲೆ ಇದ್ದರೆ ಸಾಕು. ಟೀ ಚೆನ್ನಾಗಿರಲೇಬೇಕೆಂದಿಲ್ಲ, ಚೆನ್ನಾಗಿಲ್ಲ ಎಂದು ಕೂಗಿ ಹೇಳುವ ಧೈರ್ಯ ಅಲ್ಲಿ ಎಲ್ಲರಿಗೂ ಇರಲಿ.